ಅವ್ವನ ಕೈಯಳತೆಯ ಅಚ್ಚು

ಮನೆಯ ಹಿರಿಯರು ತಾವು ನಿತ್ಯವೂ ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಕಿರಿಯರ ಕೈಗೆ ಒಪ್ಪಿಸುವ ಕಾಲವು ಪ್ರತಿಯೊಂದು ಸಂಸಾರದಲ್ಲಿಯೂ ಬಂದೇ ಬರುತ್ತದೆ. ನಮ್ಮ ತಾಯಿಯವರು ಅಡಿಗೆಯ ಒಲೆಯನ್ನು ಬಿಟ್ಟುಕೊಟ್ಟರು, ಪೇಟೆಗೆ ಹೋಗಿಬರುವುದನ್ನು ಬಿಟ್ಟರು, ಹೂ ಕಟ್ಟುವುದನ್ನೂ ಕೊನೆಗೆ ಬಿಟ್ಟರು. ಇವಾವುದಕ್ಕೂ ಅವರು ಹೆಚ್ಚು ನೊಂದುಕೊಂಡುದನ್ನು ನಾವು ಕಾಣಲಿಲ್ಲ. ಆದರೆ ಒಂದನ್ನು ಮಾತ್ರ ಬಿಟ್ಟುಕೊಡಲು ಅವರು ಸುತರಾಂ ಒಪ್ಪಲಿಲ್ಲ. ಬೆಳಗ್ಗೆ ತಾವೇ ಸ್ನಾನ ಮಾಡಿ, ಮಡಿಯುಟ್ಟು, ವಿಭೂತಿ ಧರಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಬೇಕು. ಸ್ನಾನದ ಮನೆಯ ಬಾಗಿಲು ಒಳಗಿನಿಂದ ಮುಚ್ಚಿರಬೇಕು. ಎಂಬತ್ತು ದಾಟಿದ ಜೀವದ ಈ ಒಂದು ಹಟವನ್ನು ನಾವು ಗೌರವದಿಂದಲೇ ಕಾಣುತ್ತಿದ್ದೆವು.

ನಾವು ದಂಪತಿಗಳು ಬನಶಂಕರಿ ಎರಡನೆಯ ಹಂತದಲ್ಲಿ ಮನೆ ಮಾಡಿ ಬಹುಕಾಲವಾಯಿತು. ಮೂಲತಃ ನಮ್ಮದು ತಿಪಟೂರಿನ ಸೀಮೆ. ತೆಂಗಿನ ತೋಟ, ಅಟ್ಟದ ಮೇಲೆ ಒಣಗುವ ಉಂಡೆ ಕೊಬ್ಬರಿ, ಗಾಣದ ಎಣ್ಣೆಯ ವಾಸನೆ ಇವುಗಳ ನಡುವೆ ಬೆಳೆದ ಅವ್ವ ಬೆಂಗಳೂರಿಗೆ ಬಂದ ಮೇಲೂ ತಲೆಗೆ ಸೀಗೇಕಾಯಿ, ಮೈಗೆ ಕಡಲೆಹಿಟ್ಟು ಬಳಸಿದವರು. ಸಾಬೂನು ರೂಢಿಯಾದುದು ಬಹಳ ತಡವಾಗಿ. ಕೈಬೆರಳುಗಳ ಗಿಣ್ಣುಗಳು ವಾಯುವಿನಿಂದ ಬಾತು, ಬೆರಳುಗಳು ಪೂರ್ತಿ ಮಡಚಲಾರದ ಸ್ಥಿತಿ ಬಂದುದು 2016ರಲ್ಲಿ. ಯಾವ ಅಂಗಡಿಯ ಸಾಬೂನನ್ನು ತಂದುಕೊಟ್ಟರೂ ಅದು ಒದ್ದೆಯಾದ ಕೂಡಲೇ ಅವರ ಹಿಡಿತದಿಂದ ಜಾರಿ ಬೀಳುತ್ತಿತ್ತು. ಒಂದು ದಿನ ಬಿದ್ದ ಸಾಬೂನನ್ನು ಎತ್ತಿಕೊಳ್ಳಲು ಬಾಗಿ, ಅದರ ಮೇಲೆಯೇ ಕಾಲಿಟ್ಟು, ಗೋಡೆಯ ನಲ್ಲಿಯನ್ನು ಹಿಡಿದು ಹೇಗೋ ಉಳಿದುಕೊಂಡರು. ನಲ್ಲಿ ಕಿತ್ತುಬಂದ ಸದ್ದು ಕೇಳಿ ನಾವು ಓಡಿಹೋದೆವು. ಅಂದಿನಿಂದ ಬಾಗಿಲು ಮುಚ್ಚಕೂಡದೆಂದು ನಾವು ಹೇಳಿದೆವು. ಅವ್ವ ಮರುಮಾತಾಡಲಿಲ್ಲ. ಆದರೆ ಅಂದು ಪೂಜೆಗೆ ಕುಳಿತವರ ಮುಖದಲ್ಲಿದ್ದ ಮ್ಲಾನತೆ ನಮ್ಮನ್ನು ಇರಿಯಿತು.

ಮೊದಲು ಸುಲಭವಾದ ಉಪಾಯಗಳನ್ನೇ ನೋಡಿದೆವು. ಸಾಬೂನನ್ನು ಬಲೆಯ ಚೀಲದಲ್ಲಿಟ್ಟುಕೊಟ್ಟೆವು; ಒರಟು ಬಲೆ ಅವರ ಸವೆದ ಚರ್ಮಕ್ಕೆ ಹಿತವಾಗಲಿಲ್ಲ. ಅಂಗಡಿಯ ಸಾಬೂನನ್ನು ಚಾಕುವಿನಿಂದ ಸಣ್ಣದಾಗಿ ಕೊಯ್ದು ನೋಡಿದೆವು; ಅದು ಸೀಳಿ ಚೂರಾಯಿತು. ಜೆ.ಪಿ. ನಗರದಲ್ಲಿ ನೆಲೆಸಿರುವ, ರಸಾಯನಶಾಸ್ತ್ರದ ಅಧ್ಯಾಪಕರಾಗಿ ನಿವೃತ್ತರಾದ ಮಿತ್ರರೊಬ್ಬರ ಮುಂದೆ ಈ ಸಂಕಟವನ್ನು ಹೇಳಿಕೊಂಡಾಗ ಅವರು ನಕ್ಕು, “ಕಾರ್ಖಾನೆಯ ಸಾಬೂನನ್ನು ಎರೆಯುವುದಿಲ್ಲ, ಒತ್ತುತ್ತಾರೆ. ಒತ್ತಿ ಗಟ್ಟಿಮಾಡಿದ್ದನ್ನು ಕೊಯ್ದರೆ ಸೀಳದೆ ಏನಾಗುತ್ತದೆ? ನಿಮಗೆ ಬೇಕಾದ ಆಕಾರದಲ್ಲಿ ನೀವೇ ಎರೆದುಕೊಳ್ಳಿ” ಎಂದರು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಯುಕ್ತ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರದ ರಫ್ತು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆದು ಸಾಬೂನು ಮಾಡುವ ಉದ್ಯಮ ನಮ್ಮ ನಾಡಿನಲ್ಲಿ ತಲೆಯೆತ್ತಿತು. ಎಸ್.ಜಿ. ಶಾಸ್ತ್ರಿಯವರ ಪರಿಶ್ರಮದಿಂದ ರೂಪುಗೊಂಡ ಮೈಸೂರು ಸ್ಯಾಂಡಲ್ ಸಾಬೂನನ್ನೂ, ಅದರ ಮೇಲಿನ ಆನೆಯ ತಲೆ ಮತ್ತು ಸಿಂಹದ ದೇಹವುಳ್ಳ ಶರಭದ ಮುದ್ರೆಯನ್ನೂ ಕಾಣದ ಕನ್ನಡಿಗರ ಮನೆಯಿಲ್ಲ. ಅವ್ವನೂ ಅದರ ಪೆಟ್ಟಿಗೆಯನ್ನು ರೇಷ್ಮೆ ಸೀರೆಗಳ ನಡುವೆ ಜತನವಾಗಿ ಇಟ್ಟುಕೊಳ್ಳುತ್ತಿದ್ದರು. ಕಾರ್ಖಾನೆಗಳಲ್ಲಿ ಸಾಬೂನನ್ನು ಯಂತ್ರದಲ್ಲಿ ಅರೆದು, ನಾದಿ, ಉದ್ದನೆಯ ದಿಂಡಾಗಿ ಹೊರತಂದು, ತುಂಡರಿಸಿ, ಎರಡು ಲೋಹದ ಅಚ್ಚುಗಳ ನಡುವೆ ಬಲವಾಗಿ ಒತ್ತುತ್ತಾರೆ. ಮನೆಯಲ್ಲಿ ಆ ಬಲವೂ ಇಲ್ಲ, ಯಂತ್ರವೂ ಇಲ್ಲ. ಮನೆಯಲ್ಲಿ ಎಣ್ಣೆ ಮತ್ತು ಕ್ಷಾರದ ನೀರು ಬೆರೆತು ಇನ್ನೂ ದ್ರವವಾಗಿರುವಾಗಲೇ ಅಚ್ಚಿಗೆ ಎರೆಯಬೇಕು. ಅದು ಅಚ್ಚಿನೊಳಗೆಯೇ ಗಟ್ಟಿಯಾಗಬೇಕು. ಆದುದರಿಂದ ಮನೆಯ ಸಾಬೂನಿಗೆ ಅಚ್ಚೇ ಪ್ರಧಾನ.

ಹಾಗೆಂದು ಕೇಳಿದ ಕೂಡಲೇ ನಮ್ಮ ಕಣ್ಣು ಬಿದ್ದುದು ಅವ್ವನ ಸಕ್ಕರೆ ಅಚ್ಚುಗಳ ಮೇಲೆ. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆಗೆ ಬೀರುವ ಸಕ್ಕರೆ ಅಚ್ಚು ನಮ್ಮ ಓದುಗರೆಲ್ಲರಿಗೂ ತಿಳಿದದ್ದೇ. ಗಿಳಿ, ಹಂಸ, ಮೀನು, ಕಳಶ ಹೀಗೆ ಕೆತ್ತಿದ ಮರದ ಹೋಳುಗಳು; ಎರಡು ಹೋಳನ್ನು ಜೋಡಿಸಿ ದಾರ ಸುತ್ತಿ, ಹದವಾದ ಪಾಕವನ್ನು ಎರೆದು, ಆರಿದ ಮೇಲೆ ದಾರ ಬಿಚ್ಚಿದರೆ ಬೆಳ್ಳನೆಯ ಗಿಳಿ ಕೈಗೆ ಬರುತ್ತದೆ. ಅವ್ವ ಮದುವೆಯಾಗಿ ಬರುವಾಗ ತವರಿನಿಂದ ತಂದ ಅಚ್ಚುಗಳು ಅವು. ಒಂದು ಹಳೆಯ ಖಣದ ಚೀಲದಲ್ಲಿ ಅವುಗಳನ್ನು ಕಟ್ಟಿಟ್ಟಿದ್ದರು. ಗಿಳಿಯ ಅಚ್ಚು ಸಣ್ಣದು, ಅವ್ವನ ಮುಷ್ಟಿಗೆ ಸರಿಹೋದೀತು ಎಂದು ನಾವು ಎಣಿಸಿದೆವು. ಅವರನ್ನು ಕೇಳಲಿಲ್ಲ. ಸಿದ್ಧವಾದ ಮೇಲೆ ತೋರಿಸಿ ಹಿಗ್ಗಿಸೋಣವೆಂಬ ಆಸೆ.

ಆದ ಅನಾಹುತವನ್ನು ಮುಚ್ಚಿಡುವುದಿಲ್ಲ. ಸಕ್ಕರೆಯ ಪಾಕ ಎರೆಯುವ ಮೊದಲು ಅಚ್ಚನ್ನು ನೀರಿನಲ್ಲಿ ನೆನೆಸುತ್ತಾರೆ. ಸಕ್ಕರೆ ಬೇಗನೆ ಗಟ್ಟಿಯಾಗಿ ಮರವನ್ನು ಬಿಟ್ಟುಕೊಡುತ್ತದೆ. ಸಾಬೂನಿನ ಸ್ವಭಾವ ಬೇರೆ. ಅದು ಗಟ್ಟಿಯಾಗಲು ಒಂದು ಹಗಲು ಒಂದು ರಾತ್ರಿ ಬೇಕು. ಅಷ್ಟು ಹೊತ್ತೂ ತೀಕ್ಷ್ಣವಾದ ಕ್ಷಾರ ಹಸಿಯಾಗಿಯೇ ಮರದೊಳಗೆ ಇಳಿಯುತ್ತದೆ. ಮರುದಿನ ದಾರ ಬಿಚ್ಚಿದರೆ ಹೋಳುಗಳು ಅಲುಗಲಿಲ್ಲ. ಚಾಕುವಿನ ತುದಿಯಿಂದ ಮೀಟಿದೆವು. ಮರ ಕಪ್ಪಿಟ್ಟಿತ್ತು, ಕೆತ್ತನೆಯ ಗೆರೆಗಳಲ್ಲೆಲ್ಲ ಸಾಬೂನು ಕಚ್ಚಿಕೊಂಡಿತ್ತು, ಗಿಳಿಯ ಕೊಕ್ಕಿನ ಭಾಗ ಮುರಿದು ಕೈಗೆ ಬಂದಿತು. ಎಷ್ಟು ತೊಳೆದರೂ ಅದನ್ನು ಮತ್ತೆ ತಿನ್ನುವ ವಸ್ತುವಿಗೆ ಬಳಸುವಂತಿರಲಿಲ್ಲ. ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ಅವ್ವ ಕಾಪಾಡಿಕೊಂಡು ಬಂದುದನ್ನು ನಾವು ಒಂದು ರಾತ್ರಿಯಲ್ಲಿ ಕೆಡಿಸಿದ್ದೆವು.

ಅಳುಕುತ್ತ ಹೋಗಿ ಅವರ ಮುಂದೆ ಇಟ್ಟೆವು. ಅವ್ವ ಅಚ್ಚನ್ನು ತಿರುಗಿಸಿ ನೋಡಿದರು. ಆಮೇಲೆ ನಮ್ಮ ಕೈಗಳನ್ನು ನೋಡಿ, “ಕೈಯೇನೂ ಸುಟ್ಟುಕೊಳ್ಳಲಿಲ್ಲವಷ್ಟೆ?” ಎಂದು ಕೇಳಿದರು. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಮಾತ್ರ, “ತಿನ್ನುವುದರ ಅಚ್ಚು ಬೇರೆ, ತೊಳೆಯುವುದರ ಅಚ್ಚು ಬೇರೆ” ಎಂದು ಒಂದೇ ಮಾತು ಹೇಳಿದರು. ಆ ಮಾತನ್ನು ನಾವು ಮನೆಯ ನಿಯಮವಾಗಿ ಮಾಡಿಕೊಂಡೆವು. ಸಾಬೂನಿಗೆ ಬಳಸಿದ ಪಾತ್ರೆ, ಚಮಚ, ತಕ್ಕಡಿಯ ತಟ್ಟೆ ಯಾವುದೂ ಅಂದಿನಿಂದ ಅಡಿಗೆಮನೆಗೆ ಹಿಂತಿರುಗಿಲ್ಲ.

ಅನಂತರ ಮನೆಯಲ್ಲಿರುವ ಬೇರೆ ಬೇರೆ ವಸ್ತುಗಳನ್ನು ಅಚ್ಚಾಗಿ ಮಾಡಿಕೊಳ್ಳಬಹುದೇ ಎಂದು ಪರೀಕ್ಷಿಸಿದೆವು. ನಮ್ಮ ಬಡಾವಣೆಯ ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲದಲ್ಲಿ ಹೆಂಗಳೆಯರು ನಿಂಬೆಯ ಹೋಳನ್ನು ಹಿಂಡಿ, ಮಗುಚಿ, ಅದರಲ್ಲಿಯೇ ಎಣ್ಣೆ ಬತ್ತಿ ಇಟ್ಟು ದೀಪ ಹಚ್ಚುವುದನ್ನು ಕಂಡವರಿಗೆ, ಪಾತ್ರೆ ಮಾಡಿಕೊಳ್ಳಲು ಪೇಟೆಗೇ ಹೋಗಬೇಕಾಗಿಲ್ಲವೆಂಬುದು ಹೊಳೆಯದಿರದು. ನಮ್ಮ ಪ್ರಯೋಗಗಳ ಫಲವನ್ನು ಓದುಗ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸುತ್ತೇವೆ.

ಅಲ್ಯೂಮಿನಿಯಂ ಇಡ್ಲಿ ತಟ್ಟೆ ನೋಡಲು ಹೇಳಿಮಾಡಿಸಿದ ಅಚ್ಚಿನಂತಿದೆ. ಆದರೆ ಅದನ್ನು ಮುಟ್ಟಲೇಬಾರದು. ನಮ್ಮ ಅಧ್ಯಾಪಕ ಮಿತ್ರರು ಒಂದು ಹಳೆಯ ಅಲ್ಯೂಮಿನಿಯಂ ಮುಚ್ಚಳದ ಮೇಲೆ ನಾಲ್ಕು ತೊಟ್ಟು ಕ್ಷಾರದ ನೀರನ್ನು ಹಾಕಿ ತೋರಿಸಿದರು. ನೋಡನೋಡುತ್ತಲೇ ನೊರೆಯೆದ್ದು ಲೋಹವನ್ನು ತಿನ್ನತೊಡಗಿತು. ಆಗ ಹೊರಡುವುದು ಬೆಂಕಿ ಹಿಡಿಯುವ ಜಲಜನಕ ಅನಿಲ. ತವರದ ಡಬ್ಬಿ, ತಾಮ್ರ, ಹಿತ್ತಾಳೆಗಳೂ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ದಪ್ಪ ಪ್ಲಾಸ್ಟಿಕ್ ಪಾತ್ರೆಗಳು ಕ್ಷಾರವನ್ನು ತಡೆಯುತ್ತವೆ.

ತೆಂಗಿನ ಕರಟ ನಮ್ಮ ಸೀಮೆಯ ವಸ್ತುವೆಂದು ಅಭಿಮಾನದಿಂದ ಬಳಸಿದೆವು. ಅದರ ಒಳಗಿನ ಬಾಗು ಸಾಬೂನನ್ನು ಬಿಟ್ಟುಕೊಡದು, ಕರಟವನ್ನೇ ಒಡೆಯಬೇಕಾಯಿತು. ಹಾಲಿನ ಪೊಟ್ಟಣವು ಅತ್ಯಂತ ಅಗ್ಗದ ಅಚ್ಚು. ಅರ್ಧ ಲೀಟರ್ ನಂದಿನಿ ಹಾಲಿನ ಪೊಟ್ಟಣದ ಮೂಲೆಯನ್ನಲ್ಲದೆ ಮೇಲಂಚನ್ನೇ ಕತ್ತರಿಸಿ, ತೊಳೆದು ಒಣಗಿಸಿ, ಒಂದು ಡಬ್ಬಿಯೊಳಗೆ ನೆಟ್ಟಗೆ ನಿಲ್ಲಿಸಿ ಎರೆದರೆ ಸಾಬೂನು ಅಂಟುವುದೇ ಇಲ್ಲ. ಪೊಟ್ಟಣವನ್ನು ಸುಲಿದರೆ ಸಾಕು. ಆದರೆ ಬರುವ ಆಕಾರ ತಲೆದಿಂಬಿನದು. ಐಸ್‌ಕ್ರೀಮಿನ ಮತ್ತು ಮೊಸರಿನ ಪ್ಲಾಸ್ಟಿಕ್ ಬಟ್ಟಲುಗಳೂ ಉತ್ತಮ; ಬಾಯಿ ಅಗಲ, ತಳ ಕಿರಿದು ಆಗಿರುವುದರಿಂದ ಸಾಬೂನು ಸುಲಭವಾಗಿ ಜಾರಿ ಹೊರಬರುತ್ತದೆ. ನಲ್ಲಿ ಕೆಲಸದವರು ಬಿಟ್ಟುಹೋದ 75 ಮಿ.ಮೀ. ಪಿವಿಸಿ ಕೊಳವೆಯ ತುಂಡಿಗೆ ಒಳಗೆ ಬೆಣ್ಣೆ ಕಾಗದ ಸುತ್ತಿ, ತಳಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಎರೆದು, ಮರುದಿನ ತಳ್ಳಿ ಹೊರತೆಗೆದು ಕೊಯ್ದರೆ ಅಂದವಾದ ದುಂಡು ಬಿಲ್ಲೆಗಳಾಗುತ್ತವೆ. ಮಕ್ಕಳಿಗೆ ಅದು ಬಹಳ ಪ್ರಿಯವಾಯಿತು. ಆದರೆ ದಿಂಬೂ ಬಿಲ್ಲೆಯೂ ಅವ್ವನ ಕೈಯಲ್ಲಿ ನಿಲ್ಲಲಿಲ್ಲ. ನಾವು ಅಚ್ಚಿಗೆ ತಕ್ಕ ಸಾಬೂನನ್ನು ಮಾಡುತ್ತಿದ್ದೆವೇ ಹೊರತು ಕೈಗೆ ತಕ್ಕ ಅಚ್ಚನ್ನು ಮಾಡುತ್ತಿರಲಿಲ್ಲ.

ಇದು ಹೊಳೆದುದು ಚಪಾತಿಯ ಕಣಕದಿಂದ. ಒಂದು ಸಂಜೆ ಕಣಕದ ಉಂಡೆಯೊಂದನ್ನು ಅವ್ವನ ಕೈಗಿತ್ತು, “ಸಾಬೂನು ಹಿಡಿದಂತೆ ಹಿಡಿಯಿರಿ” ಎಂದೆವು. ಅವರು ಮಡಚಬಲ್ಲಷ್ಟು ಬೆರಳನ್ನು ಮಡಚಿ ಹಿಡಿದರು. ಬಿಟ್ಟಾಗ ಆ ಕಣಕದಲ್ಲಿ ಅವರ ಹಿಡಿತವೆಲ್ಲ ಮೂಡಿತ್ತು. ಅಳತೆಪಟ್ಟಿ ಇಟ್ಟು ನೋಡಿದೆವು. ಒಂಬತ್ತು ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲ, ಎರಡೇ ಸೆಂಟಿಮೀಟರ್ ದಪ್ಪ. ನಡುವೆ ಹೆಬ್ಬೆರಳೂ ಎದುರಿನ ಬೆರಳೂ ಊರಿದ ಎರಡು ತಗ್ಗು. ಸೊಂಟವಿರುವ ತೆಳುವಾದ ಸಾಬೂನು ಬೇಕಾಗಿದ್ದುದು ನಮಗೆ ಅಂದು ತಿಳಿಯಿತು.

ಬಿ.ಟಿ.ಎಂ. ಬಡಾವಣೆಯ ಬಡಗಿಯೊಬ್ಬರಿಂದ ಹಲಗೆಯ ತುಂಡುಗಳನ್ನು ತಂದು ನಾವೇ ಒಂದು ಪೆಟ್ಟಿಗೆ ಮಾಡಿದೆವು. ಗಟ್ಟಿಯಾಗಿರಲೆಂದು ಸುತ್ತಲೂ ಮೊಳೆ ಹೊಡೆದೆವು. ಒಳಗೆ ತುಂಡು ತುಂಡಾಗಿ ಕಾಗದ ಹಾಸಿದೆವು. ತುಂಡುಗಳ ಸಂದಿನಲ್ಲಿ ಸಾಬೂನು ನುಸುಳಿ ಹಲಗೆಗೆ ಹಿಡಿಯಿತು. ಬಿಡಿಸಲು ದಾರಿಯಿಲ್ಲದೆ ಸುತ್ತಿಗೆ ತಂದು ತಟ್ಟಿದರೆ ಪೆಟ್ಟಿಗೆಯೂ ಸೀಳಿತು, ಸಾಬೂನೂ ಮುರಿಯಿತು. ಹೊಸಿಲ ಬಳಿ ಕುರ್ಚಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಅವ್ವ, “ಸಕ್ಕರೆ ಅಚ್ಚಿಗೆ ದಾರ ಸುತ್ತುತ್ತಾರೋ, ಮೊಳೆ ಹೊಡೆಯುತ್ತಾರೋ? ಬಿಚ್ಚಲು ಬಾರದ್ದು ಅಚ್ಚು ಹೇಗಾದೀತು?” ಎಂದರು. ನಾವು ಸುತ್ತಿಗೆಯನ್ನು ಕೆಳಗಿಟ್ಟೆವು. ನಾವು ಕೆಡಿಸಿದ ಅಚ್ಚಿನಲ್ಲಿಯೇ ನಮಗೆ ಬೇಕಾದ ಪಾಠವಿತ್ತು. ಅದನ್ನು ನೋಡುವ ಕಣ್ಣು ಇರಲಿಲ್ಲ.

ಅವ್ವನ ಮಾತಿನಂತೆ ಮಾಡಿದ ಅಚ್ಚಿನ ವಿವರ ಇಂತಿದೆ. ಹಲಗೆಯ ದಪ್ಪ 1.2 ಸೆಂ.ಮೀ. ತಳಕ್ಕೆ 20 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ಒಂದು ಹಲಗೆ. ಎರಡು ತುದಿಗಳಿಗೆ 9 ಸೆಂ.ಮೀ. ಉದ್ದ, 5.7 ಸೆಂ.ಮೀ. ಎತ್ತರದ ಎರಡು ತುಂಡು. ಎರಡು ಪಕ್ಕಗಳಿಗೆ 22.4 ಸೆಂ.ಮೀ. ಉದ್ದ, ಅಷ್ಟೇ ಎತ್ತರದ ಎರಡು ತುಂಡು. ತಳದ ಹಲಗೆಯನ್ನು ನಡುವೆ ಇಟ್ಟು, ಸುತ್ತಲೂ ನಾಲ್ಕು ತುಂಡುಗಳನ್ನು ನಿಲ್ಲಿಸಿ, ತಳದ ಮಟ್ಟದಲ್ಲಿ ಒಂದು ಸುತ್ತು, ಮೇಲೆ ಒಂದು ಸುತ್ತು ಗಟ್ಟಿ ದಾರವನ್ನು ಬಿಗಿದು ಕಟ್ಟಬೇಕು. ದಾರ ಜಾರದಂತೆ ಹೊರಮೂಲೆಗಳಲ್ಲಿ ಅರದಿಂದ ಸಣ್ಣ ಗೀರು ಮಾಡಿಕೊಳ್ಳಬೇಕು. ಮೊಳೆ ಒಂದೂ ಬೇಡ. ತಳದ ಹಲಗೆಯ ನಟ್ಟನಡುವೆ ಉದ್ದಕ್ಕೂ 1 ಸೆಂ.ಮೀ. ಅಗಲದ ಅರೆದುಂಡು ಮರದ ಪಟ್ಟಿಯನ್ನು ಅಂಟಿಸಬೇಕು. ಅದೇ ಸಾಬೂನಿನ ಸೊಂಟದ ಒಂದು ತಗ್ಗನ್ನು ಮೂಡಿಸುತ್ತದೆ. ಪಟ್ಟಿ ಅರೆದುಂಡಾಗಿಯೇ ಇರಬೇಕು. ಪೂರ್ಣ ದುಂಡಾದ ಕಡ್ಡಿಯಾದರೆ ಸಾಬೂನು ಅದರ ಕೆಳಗೂ ಹೊಕ್ಕು ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ.

ಹಾಸುವ ಕಾಗದ ಒಂದೇ ಹಾಳೆಯಾಗಿರಬೇಕು. ನಾವು ಜಯನಗರ ನಾಲ್ಕನೆಯ ಬ್ಲಾಕಿನಿಂದ ಬೆಣ್ಣೆ ಕಾಗದ ತಂದು, 34 ಸೆಂ.ಮೀ. ಉದ್ದ 23 ಸೆಂ.ಮೀ. ಅಗಲಕ್ಕೆ ಕತ್ತರಿಸಿಕೊಂಡೆವು. ಮೂಲೆಗಳನ್ನು ಕತ್ತರಿಸದೆ, ಪುಸ್ತಕಕ್ಕೆ ರಟ್ಟು ಹಾಕುವಾಗ ಮಡಚುವಂತೆ ಮಡಚಿ, ತಳದ ಪಟ್ಟಿಯ ಮೇಲೆ ಬೆರಳಿನಿಂದ ತೀಡಿ ಕೂರಿಸಬೇಕು. ಅಂಚುಗಳು ಮೇಲೆ ಚಾಚಿಕೊಂಡಿದ್ದರೆ ಎತ್ತಲು ಹಿಡಿಕೆಯಾಗುತ್ತದೆ.

ಅಚ್ಚಿಗೆ ಎಷ್ಟು ಎಣ್ಣೆ ಬೇಕೆಂಬುದಕ್ಕೆ ಒಂದು ಸುಲಭ ಲೆಕ್ಕವಿದೆ. ಒಳಗಿನ ಉದ್ದ, ಅಗಲ, ಎರೆಯುವ ಎತ್ತರ ಇವುಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಬಂದುದನ್ನು 0.7ರಿಂದ ಗುಣಿಸಿದರೆ ಎಣ್ಣೆಯ ತೂಕ ಗ್ರಾಮಿನಲ್ಲಿ ಸಿಗುತ್ತದೆ. ನಮ್ಮ ಅಚ್ಚಿಗೆ 20, 9, 4 ಗುಣಿಸಿದರೆ 720. ಅದರಿಂದ ಎಣ್ಣೆ ಸುಮಾರು 500 ಗ್ರಾಂ. ಮೇಲೆ ಅರ್ಧ ಸೆಂಟಿಮೀಟರ್ ಬರಿದಾಗಿಯೇ ಉಳಿಯುತ್ತದೆ. ಹಾಲಿನ ಪೊಟ್ಟಣವಾಗಲಿ ಕೊಳವೆಯಾಗಲಿ, ನೀರು ತುಂಬಿ ಅಳೆದು ಎಷ್ಟು ಮಿಲಿಲೀಟರ್ ಹಿಡಿಯಿತೋ ಅದನ್ನು 0.7ರಿಂದ ಗುಣಿಸಿಕೊಳ್ಳಬಹುದು, ಆಮೇಲೆ ಅಚ್ಚನ್ನು ಚೆನ್ನಾಗಿ ಒಣಗಿಸಬೇಕು.

ನಾವು ಬಳಸಿದ ಪ್ರಮಾಣ: ಕೊಬ್ಬರಿ ಎಣ್ಣೆ 300 ಗ್ರಾಂ, ಎಳ್ಳೆಣ್ಣೆ 150 ಗ್ರಾಂ, ಹರಳೆಣ್ಣೆ 50 ಗ್ರಾಂ, ಶುದ್ಧವಾದ ಕಾಸ್ಟಿಕ್ ಸೋಡಾ 76 ಗ್ರಾಂ, ಶೋಧಿಸಿದ ನೀರು 165 ಗ್ರಾಂ. ಎಲ್ಲವನ್ನೂ ತೂಕದಿಂದಲೇ ಅಳೆಯಬೇಕು. ಲೋಟದ ಅಳತೆ ಸಲ್ಲದು. ಒಂದೊಂದು ಎಣ್ಣೆಗೆ ಬೇಕಾಗುವ ಕ್ಷಾರ ಒಂದೊಂದು ಬಗೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕಾದರೆ, ಎಳ್ಳೆಣ್ಣೆಗೆ 0.133, ಹರಳೆಣ್ಣೆಗೆ 0.128 ಸಾಕು. ಹೀಗೆ ಕೂಡಿದರೆ 81 ಗ್ರಾಂ ಆಗುತ್ತದೆ. ಅದರಲ್ಲಿ ನೂರಕ್ಕೆ ಆರರಷ್ಟು ಕಡಿಮೆ ಹಾಕುವುದರಿಂದ ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿದು ಚರ್ಮಕ್ಕೆ ಮೃದುವಾಗುತ್ತದೆ. ಎಣ್ಣೆಯನ್ನು ಬದಲಿಸಿದರೆ ಲೆಕ್ಕವನ್ನೂ ಬದಲಿಸಲೇಬೇಕು. ಬಟ್ಟೆ ಒಗೆಯುವ ಸೋಡಾ ಬೇರೆ, ಇದು ಬೇರೆ. ಚರಂಡಿ ಶುದ್ಧಿಗೆ ಮಾರುವ ಪುಡಿಯನ್ನೂ ಬಳಸಕೂಡದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲದು. ರಬ್ಬರಿನ ಕೈಚೀಲ, ಕಣ್ಣಿಗೆ ಕಾಪು, ತುಂಬುತೋಳಿನ ಬಟ್ಟೆ ಇಲ್ಲದೆ ಕೆಲಸಕ್ಕೆ ಇಳಿಯಬಾರದು. ಮಕ್ಕಳು ಮನೆಯಲ್ಲಿ ಓಡಾಡುವಾಗ ಬೇಡವೇ ಬೇಡ. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕಲ್ಲದೆ ಸೋಡಾದ ಮೇಲೆ ನೀರನ್ನು ಎಂದಿಗೂ ಸುರಿಯಬಾರದು; ಸುರಿದರೆ ಕುದಿದು ಸಿಡಿಯುತ್ತದೆ. ಒಲೆ ಇಲ್ಲದೆಯೇ ಆ ನೀರು ಬಿಸಿಯೇರಿ ಆವಿ ಬರುವುದರಿಂದ ಕಿಟಕಿ ತೆರೆದಿರಬೇಕು. ಮೈಮೇಲೆ ಬಿದ್ದರೆ ಧಾರಾಳವಾಗಿ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಕಣ್ಣಿಗೆ ಸೋಂಕಿದರೆ ತೊಳೆಯುತ್ತಲೇ ವೈದ್ಯರಲ್ಲಿಗೆ ಧಾವಿಸಬೇಕು.

ಕ್ಷಾರದ ನೀರೂ ಎಣ್ಣೆಯೂ ಕೈಗೆ ಉಗುರುಬೆಚ್ಚಗಿನ ಪಾತ್ರೆಯಷ್ಟು, ಅಂದರೆ ಸುಮಾರು 40 ಡಿಗ್ರಿಗೆ ಬಂದ ಮೇಲೆ, ಎಣ್ಣೆಗೆ ಆ ನೀರನ್ನು ಎಳೆಯಾಗಿ ಬಿಟ್ಟು ಒಂದೇ ಸಮನೆ ಕದಡಬೇಕು. ಹದ ಯಾವುದೆಂದು ಅಡಿಗೆ ಬಲ್ಲ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ದೋಸೆಯ ಹಿಟ್ಟಿನಂತಾಗಿ, ಚಮಚದಿಂದ ಮೇಲೆ ಬಿಟ್ಟ ಎಳೆ ಕ್ಷಣಕಾಲ ಮುಳುಗದೆ ನಿಂತರೆ ಅದೇ ಹದ. ಒಡನೆಯೇ ಅಚ್ಚಿಗೆ ಎರೆದು, ಗುಳ್ಳೆಗಳು ಏಳುವಂತೆ ಮೆಲ್ಲನೆ ಕುಟ್ಟಬೇಕು. ಸಾಬೂನು ಬೆಣ್ಣೆಯಂತೆ ಬಿರುಸಾದಾಗ, ಎಣ್ಣೆ ಸವರಿದ ಕಡ್ಡಿಯೊಂದನ್ನು ಕೆಳಗಿನ ಪಟ್ಟಿಗೆ ನೇರವಾಗಿ ಮೇಲಿನಿಂದ ಅರ್ಧದಷ್ಟು ಒತ್ತಿ ತೆಗೆದರೆ ಸೊಂಟದ ಎರಡನೆಯ ತಗ್ಗು ಆಗುತ್ತದೆ. ಒಂದೆರಡು ದಿನಗಳ ಮೇಲೆ ದಾರ ಬಿಚ್ಚಬೇಕು. ನಾಲ್ಕು ಹಲಗೆಗಳು ನಾಲ್ಕು ದಿಕ್ಕಿಗೆ ತಾವಾಗಿಯೇ ವಾಲಿಕೊಂಡಾಗ ನಮಗಾದ ಆನಂದವನ್ನು ಬಣ್ಣಿಸಲಾರೆವು. ದಿಂಡನ್ನು ಎರಡೆರಡು ಸೆಂಟಿಮೀಟರಿಗೆ ಕೊಯ್ದರೆ ಹತ್ತು ತುಂಡು. ಅವುಗಳನ್ನು ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಒಣಗಲು ಬಿಡಬೇಕು. ಅಷ್ಟರಲ್ಲಿ ನೀರು ಆರಿ ಸಾಬೂನು ಗಟ್ಟಿಯಾಗುತ್ತದೆ, ತೀಕ್ಷ್ಣತೆ ಇಳಿಯುತ್ತದೆ. ಇದು ಔಷಧವೇನೂ ಅಲ್ಲ. ಶುದ್ಧವಾದ ಸಾಬೂನು, ಅಷ್ಟೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಇದು ನೊರೆ ಕಡಿಮೆ ಕೊಟ್ಟು ಬಿಳಿಯ ಕೆನೆ ಕಟ್ಟುತ್ತದೆ. ಕಾವೇರಿ ನೀರಿನಲ್ಲಿ ಚೆನ್ನಾಗಿ ನೊರೆಯಾಗುತ್ತದೆ.

ಆರು ವಾರ ಕಳೆದ ಬೆಳಗ್ಗೆ ಅವ್ವ ಮೊದಲ ತುಂಡನ್ನು ಹಿಡಿದು ಸ್ನಾನಕ್ಕೆ ಹೋದರು. ನಾವು ಹೊರಗೆ ನಿಂತಿದ್ದೆವು. ಸಾಬೂನು ಬಿದ್ದ ಸದ್ದು ಕೇಳಿಸಲಿಲ್ಲ. ಬಾಗಿಲು ತೆರೆದು ಬಂದವರು ಏನೂ ಹೇಳದೆ ಪೂಜೆಗೆ ಕುಳಿತರು. ಮರುದಿನ ಬಾಗಿಲ ಚಿಲಕ ಹಾಕಿಕೊಂಡ ಸದ್ದು ಕೇಳಿತು. ನಾವು ತಡೆಯಲಿಲ್ಲ. ಗೋಡೆಗೆ ಹಿಡಿಕೆಯನ್ನೂ ನೆಲಕ್ಕೆ ಒರಟು ಹಾಸನ್ನೂ ಹಾಕಿಸಿ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕವನ್ನು ಇಡಿಸಿದೆವು. ಅದರ ಗುಟ್ಟನ್ನು ಅವರಿಗೆ ಹೇಳಲಿಲ್ಲ. ಅವರಿಗೆ ತಿಳಿದೇ ಇತ್ತೆಂದು ಈಗ ನಮಗೆ ತೋರುತ್ತದೆ.

ತೊಳೆಯುವ ಕಾಯಕವನ್ನು ಕೀಳೆಂದು ಬಗೆಯದ ಪರಂಪರೆ ನಮ್ಮದು. ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು 12ನೆಯ ಶತಮಾನದಲ್ಲಿ ಶರಣರ ಬಟ್ಟೆಗಳನ್ನು ಮಡಿ ಮಾಡುವುದನ್ನೇ ತಮ್ಮ ಕಾಯಕವಾಗಿ ಕೈಕೊಂಡರು. ಸಾಬೂನು ಬರುವ ಮೊದಲು ನಮ್ಮ ಹಳ್ಳಿಗಳ ಮಡಿವಾಳರು ಚೌಳು ಮಣ್ಣಿನ ಕ್ಷಾರದಲ್ಲಿ ಬಟ್ಟೆಗಳನ್ನು ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಕೊಳೆಯನ್ನು ಬಿಡಿಸುವ ಕ್ಷಾರ ಅದೇ. ಅದನ್ನು ಎಣ್ಣೆಯೊಡನೆ ಕೂಡಿಸಿ ಒಂದು ಆಕಾರಕ್ಕೆ ತಂದುದೇ ಸಾಬೂನು. ಹಿರಿಯರೊಬ್ಬರು ತಮ್ಮ ಮೈಯನ್ನು ತಾವೇ ಶುಚಿಮಾಡಿಕೊಳ್ಳುವಂತೆ ನೋಡಿಕೊಳ್ಳುವುದೂ ಒಂದು ಕಾಯಕವೇ ಸರಿ ಎಂದು ಆ ದಿನಗಳಲ್ಲಿ ನಮಗೆ ಅನ್ನಿಸುತ್ತಿತ್ತು.

ಅವ್ವ 2019ರಲ್ಲಿ ಲಿಂಗೈಕ್ಯರಾದರು. ಹಾಸಿಗೆ ಹಿಡಿದ ಕೊನೆಯ ಹನ್ನೆರಡು ದಿನಗಳನ್ನು ಬಿಟ್ಟರೆ ಉಳಿದೆಲ್ಲ ದಿನವೂ ತಾವೇ ಸ್ನಾನ ಮಾಡಿದರು. ಅವರು ಮಲಗುವುದಕ್ಕೆ ಕೆಲವೇ ದಿನ ಮೊದಲು ನಾವು ಒಂದು ಅಚ್ಚು ಸಾಬೂನು ಎರೆದಿದ್ದೆವು. ಶಿವಗಣಾರಾಧನೆ ಮುಗಿದು, ಬಂಧುಗಳೆಲ್ಲ ಊರಿಗೆ ಹಿಂತಿರುಗಿ, ಮನೆ ನಿಶ್ಶಬ್ದವಾದ ಮೇಲೆ ಒಂದು ದಿನ ಅಟ್ಟದ ಮೇಲೆ ನೋಡಿದರೆ ಹತ್ತು ತುಂಡುಗಳೂ ಹದವಾಗಿ ಒಣಗಿದ್ದವು. ಅವುಗಳನ್ನು ಏನು ಮಾಡುವುದೆಂದು ತೋಚದೆ ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆವು. ಕಡೆಗೆ ನಮ್ಮ ಬೀದಿಯಲ್ಲಿಯೇ ಕೈಬೆರಳು ಮಡಚಲಾರದ ಇನ್ನೊಬ್ಬ ತಾಯಿಗೆ ನಾಲ್ಕನ್ನು ಕೊಟ್ಟೆವು. ಉಳಿದವನ್ನು ಒಂದು ವೃದ್ಧಾಶ್ರಮಕ್ಕೆ ಒಪ್ಪಿಸಿದೆವು. ಅಲ್ಲಿಂದ ಮತ್ತೆ ಕೇಳಿಬಂದಿತು. ಮತ್ತೆ ದಾರ ಸುತ್ತಿದೆವು. ಇಂದಿಗೂ ತಿಂಗಳಿಗೊಮ್ಮೆ ಎರೆಯುತ್ತಿದ್ದೇವೆ.

ಕೊಕ್ಕು ಮುರಿದ ಗಿಳಿಯ ಅಚ್ಚು ಸಾಬೂನಿನ ಪೆಟ್ಟಿಗೆಯ ಪಕ್ಕದಲ್ಲಿಯೇ ಇದೆ. ಉಳಿದ ಸಕ್ಕರೆ ಅಚ್ಚುಗಳು ಖಣದ ಚೀಲದಲ್ಲಿ ಭದ್ರವಾಗಿವೆ. ಪ್ರತಿ ಸಂಕ್ರಾಂತಿಗೂ ಅವನ್ನು ನೆನೆಸಿ, ದಾರ ಸುತ್ತಿ, ಮೊಮ್ಮಕ್ಕಳ ಕೈಗೆ ಹಂಸವನ್ನೂ ಕಳಶವನ್ನೂ ಕೊಡುತ್ತೇವೆ. ಗಿಳಿ ಏಕಿಲ್ಲವೆಂದು ಅವರು ಕೇಳಿದಾಗ ನಡೆದುದನ್ನು ಮುಚ್ಚದೆ ಹೇಳುತ್ತೇವೆ. ಈ ಬರೆಹವನ್ನು ಓದಿದ ಯಾರಾದರೂ ತಮ್ಮ ಮನೆಯ ಹಿರಿಯರಿಗಾಗಿ ಅಚ್ಚೊಂದನ್ನು ಮಾಡಲು ಹೊರಟರೆ, ಹಲಗೆಯನ್ನು ಅಳೆಯುವ ಮೊದಲು ಅವರ ಕೈಯನ್ನು ಅಳೆಯಲಿ, ಮೊಳೆಯನ್ನು ಬಿಟ್ಟು ದಾರವನ್ನು ಹಿಡಿಯಲಿ ಎಂದು ಬೇಡಿಕೊಳ್ಳುತ್ತೇವೆ.